ರಾಯದುರ್ಗದಿಂದ ನೋಡಿದರೆ: ಅಪ್ಪ, ಅಮ್ಮ, ಮಗು ಮತ್ತು ಎರಡು ಭಾಷೆಯ ಪರದೆ

ಪ್ರಕಾಶ್ ರಾಜ್ ಎಷ್ಟು ಸಿನಿಮಾಗಳಲ್ಲಿ ಅಪ್ಪನಾಗಿದ್ದಾರೆ ಎಂದು ಕೇಳಿದರೆ ಬಹುಶಃ ಅವರಿಗೂ ಲೆಕ್ಕ ಸಿಗಲಿಕ್ಕಿಲ್ಲ. 2006ರ ತೆಲುಗಿನ ‘ಬೊಮ್ಮರಿಲ್ಲು’ ಚಿತ್ರದಲ್ಲಿ ಮಗನ ಬಟ್ಟೆಬರೆಯಿಂದ ಮದುವೆಯವರೆಗೆ ಎಲ್ಲವನ್ನೂ ತಾನೇ ಆರಿಸುವ ಅಪ್ಪ. 2010ರ ಕನ್ನಡದ ‘ನಾನು ನನ್ನ ಕನಸು’ ಚಿತ್ರದಲ್ಲಿ ಮಗಳನ್ನು ಶಾಲೆಗೆ ಬಿಟ್ಟು ಬರುವುದಕ್ಕೂ ಮನಸ್ಸು ಬಾರದ ಅಪ್ಪ. ಅದರ ನಿರ್ದೇಶಕರೂ ಅವರೇ. ಆ ಕಥೆ ಮೊದಲು ತಮಿಳಿನಲ್ಲಿ ‘ಅಭಿಯುಂ ನಾನುಂ’ ಆಗಿ 2008ರಲ್ಲಿ ಬಂದು, ತೆಲುಗಿನಲ್ಲಿ ‘ಆಕಾಶಮಂತ’ ಆಗಿತ್ತು. 2017ರ ‘ಶತಮಾನಂ ಭವತಿ’ಯಲ್ಲಿ ಹಬ್ಬಕ್ಕೂ ಊರಿಗೆ ಬಾರದ ವಿದೇಶದ ಮಕ್ಕಳನ್ನು ಕಾಯುವ ಮುದಿ ಅಪ್ಪ. ಬೆಂಗಳೂರಿನವರಿಗೆ ಅವರು ನಮ್ಮವರು, ಹೈದರಾಬಾದಿನವರಿಗೆ ತಮ್ಮವರು. ಆಂಧ್ರದ ಗಡಿಯ ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಮನೆಗಳಿಗೆ ಈ ತಕರಾರೇ ಇಲ್ಲ. ಅಲ್ಲಿ ಒಬ್ಬನೇ ಅಪ್ಪ ಎರಡು ಭಾಷೆಯಲ್ಲಿ ಬೈಯುವುದು ದಿನಬೆಳಗಿನ ಸಂಗತಿ.

ಹಾಗಾಗಿಯೇ ಇತ್ತೀಚಿನ ಕೌಟುಂಬಿಕ ಸಿನಿಮಾಗಳನ್ನು, ಅದರಲ್ಲೂ ತಂದೆ-ತಾಯಿ ಮತ್ತು ಮಗುವಿನ ಕಥೆ ಹೇಳುವವನ್ನು, ಈ ಎರಡು ಊರುಗಳ ಕಡೆಯಿಂದ ಒಮ್ಮೆ ಪರಿಶೀಲಿಸಬೇಕು ಅನಿಸಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು. ಉಳಿದ ಭಾಗ ಮೈಸೂರಿಗೆ ಬಂತು. ಮಡಕಶಿರಾ ಅದಕ್ಕೂ ಮುಂಚಿನಿಂದ ಅನಂತಪುರದ್ದೇ. ಶಿರಾ, ಮಧುಗಿರಿ, ಪಾವಗಡಗಳಿಗೆ ಅಂಟಿಕೊಂಡ ಅದು 2022ರ ಏಪ್ರಿಲ್‌ನಲ್ಲಿ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಎರಡನ್ನೂ ತುಮಕೂರಿಗೆ ಜೋಡಿಸಬೇಕಾದ ಇನ್ನೂರು ಕಿಲೋಮೀಟರಿನ ರೈಲು ದಾರಿಯನ್ನು ವರ್ಷಗಳಿಂದ ಹಾಕುತ್ತಲೇ ಇದ್ದಾರೆ. ಜಿಲ್ಲೆ ಬದಲಾದರೂ ಬೀಗತನ ಬದಲಾಗಿಲ್ಲ. ರಾಯದುರ್ಗದ ಹೆಣ್ಣು ಮೊಳಕಾಲ್ಮೂರಿಗೆ, ಪಾವಗಡದ ಗಂಡು ಮಡಕಶಿರಾಕ್ಕೆ. ಮನೆಯಲ್ಲಿ ಕನ್ನಡ, ಮಂಡಲ ಆಫೀಸಿನಲ್ಲಿ ತೆಲುಗು, ಟಿವಿಯಲ್ಲಿ ಎರಡೂ.

ಇಂಥ ನೋಡುಗರ ಮುಂದೆ ಕಳೆದ ಎರಡು ದಶಕದಲ್ಲಿ ಬಂದ ಸಿನಿಮಾಗಳನ್ನು ಸಾಲಾಗಿ ಇಟ್ಟರೆ ಕಾಣುವ ಮೊದಲ ಮಾತು: ತಪ್ಪು ಹೊರುವವರು ಬದಲಾಗಿದ್ದಾರೆ. ಹಳೆಯ ಕಥೆಗಳಲ್ಲಿ ಕಟಕಟೆಯಲ್ಲಿ ನಿಲ್ಲುತ್ತಿದ್ದವನು ಮಗ. ಈ ಸೀಮೆಯ ನೆನಪಿನಲ್ಲಿ ಇದಕ್ಕೆ ಬೇರುಗಳಿವೆ. ಕಂಪಿಲಿಯ ಕುಮಾರರಾಮನ ಕಥೆಯಲ್ಲಿ ಮಲತಾಯಿ ರತ್ನಾಜಿಯ ಚಾಡಿ ಕೇಳಿ ತಂದೆ ಕಂಪಿಲರಾಯ ಮಗನ ತಲೆ ತೆಗೆಯಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ಬಚ್ಚಿಟ್ಟು ಉಳಿಸದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅನಂತಪುರ ಸೀಮೆಯ ಧರ್ಮವರಂನಲ್ಲಿ ಹುಟ್ಟಿ ಬಳ್ಳಾರಿಯಲ್ಲಿ ವಕೀಲಿ ಮಾಡಿಕೊಂಡು ತೆಲುಗು ನಾಟಕ ಬರೆದ ಧರ್ಮವರಂ ರಾಮಕೃಷ್ಣಮಾಚಾರ್ಯರು ‘ವಿಷಾದ ಸಾರಂಗಧರ’ಕ್ಕೆ ಆರಿಸಿಕೊಂಡದ್ದೂ ಇಂಥದೇ ವಸ್ತು: ಮಲತಾಯಿಯ ದೂರು, ವಿಚಾರಿಸದ ತಂದೆ, ಕೈಕಾಲು ಕಳೆದುಕೊಳ್ಳುವ ಮಗ. ಅವರ ಸೋದರಳಿಯ ಬಳ್ಳಾರಿ ರಾಘವ, ತಾಡಿಪತ್ರಿಯಲ್ಲಿ ಹುಟ್ಟಿ ಎರಡೂ ಭಾಷೆಯ ರಂಗದಲ್ಲಿ ಬೆಳೆದವರು, ಸಿನಿಮಾಕ್ಕೂ ಬಂದು 1939ರ ‘ರೈತುಬಿಡ್ಡ’ದಲ್ಲಿ ನಟಿಸಿದರು. ಆ ಕಥೆಗಳಲ್ಲಿ ಅಪ್ಪನದೇ ತಪ್ಪು ಎಂಬುದು ಎಲ್ಲರಿಗೂ ಗೊತ್ತು, ಆದರೆ ಅದನ್ನು ಅವನ ಎದುರು ಹೇಳುವ ಹಕ್ಕು ಮಗನಿಗಿಲ್ಲ. ಮಗ ಸತ್ಯವಂತನಾಗಿ ಶಿಕ್ಷೆ ಅನುಭವಿಸಬೇಕು, ಅಷ್ಟೇ.

ಸ್ವಾತಂತ್ರ್ಯದ ನಂತರದ ಸಿನಿಮಾ ಈ ಹೊರೆಯನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ಯಿತು. ಬಿ. ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ (1958) ಚಿತ್ರದಲ್ಲಿ ಮುಪ್ಪಿನ ತಂದೆ-ತಾಯಿಯನ್ನು ಮಕ್ಕಳು ಹಂಚಿಕೊಳ್ಳುತ್ತಾರೆ, ಆಸ್ತಿ ಹಂಚಿದ ಹಾಗೆ. ಅದೇ ಕಥೆ 1972ರಲ್ಲಿ ಎನ್. ಟಿ. ರಾಮರಾವ್ ನಟಿಸಿದ ‘ಬಡಿ ಪಂತುಲು’ ಆಗಿ ತೆಲುಗಿಗೆ ಹೋಯಿತು. ಮೇಷ್ಟ್ರು ಊರಿಗೆಲ್ಲ ಬುದ್ಧಿ ಕಲಿಸಿದವರು, ಹೊಟ್ಟೆಯ ಮಕ್ಕಳೇ ಕೈಕೊಟ್ಟರು. ಎರಡೂ ಭಾಷೆಯಲ್ಲಿ ಮೂರು ತಲೆಮಾರು ಕಣ್ಣೊರೆಸಿಕೊಂಡ ಕಥೆ ಇದು. ಇದರ ಒಂದು ತೊಡಕನ್ನು ಯಾರೂ ಎತ್ತಲಿಲ್ಲ: ಇಷ್ಟು ಒಳ್ಳೆಯ ಮೇಷ್ಟ್ರ ಮಕ್ಕಳು ಇಷ್ಟು ಕೆಟ್ಟವರಾಗಲು ಮನೆಯೊಳಗೆ ಏನು ನಡೆದಿತ್ತು?

ಆ ಪ್ರಶ್ನೆಯನ್ನು ಜನಪ್ರಿಯ ಸಿನಿಮಾದಲ್ಲಿ ಗಟ್ಟಿಯಾಗಿ ಕೇಳಿದ್ದು ‘ಬೊಮ್ಮರಿಲ್ಲು’. ಭಾಸ್ಕರ್ ನಿರ್ದೇಶನದ ಆ ಚಿತ್ರದ ಕೊನೆಯಲ್ಲಿ ಸಿದ್ಧಾರ್ಥ್ ಪಾತ್ರ ಅಪ್ಪನೆದುರು ನಿಂತು, ನೀವು ಕೊಟ್ಟದ್ದರಲ್ಲಿ ನನಗೆ ಬೇಕಾದದ್ದು ಯಾವುದೂ ಇರಲಿಲ್ಲ ಎಂಬ ಅರ್ಥದ ಲೆಕ್ಕ ಒಪ್ಪಿಸುತ್ತದೆ. ಇಲ್ಲಿ ಅಪ್ಪ ಕಂಪಿಲರಾಯನಲ್ಲ. ಪ್ರೀತಿಸುವ, ದುಡಿದು ತಂದು ಹಾಕುವ ಅಪ್ಪ. ಅವನ ಪ್ರೀತಿಯೇ ಅಪರಾಧ. ಈ ದೃಶ್ಯದ ನಂತರ ದಕ್ಷಿಣದ ಕೌಟುಂಬಿಕ ಸಿನಿಮಾ ಮತ್ತೆ ಹಿಂದಕ್ಕೆ ಹೋಗುವುದು ಸುಲಭವಾಗಿರಲಿಲ್ಲ. ಹೋಗಲು ಯತ್ನಿಸಿದವೂ ಇವೆ. ‘ಶತಮಾನಂ ಭವತಿ’ಯ ಮುದುಕ ಮಕ್ಕಳನ್ನು ಊರಿಗೆ ಕರೆಸಲು ಹೆಂಡತಿಗೆ ವಿಚ್ಛೇದನ ಕೊಡುವ ಸುದ್ದಿ ಕಳಿಸುತ್ತಾನೆ. ಅದೇ ವರ್ಷದ ಕನ್ನಡದ ‘ರಾಜಕುಮಾರ’ ವೃದ್ಧಾಶ್ರಮದ ಅಂಗಳದಲ್ಲಿ ಮಕ್ಕಳಿಗೆ ಪಾಠ ಹೇಳಿತು. ಎರಡೂ ಗೆದ್ದವು, ಮೊದಲನೆಯದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಚೆನ್ನಾಗಿಯೂ ಇವೆ, ಹಬ್ಬದ ಊಟದ ಹಾಗೆ. ಆದರೆ ಅಲ್ಲಿ ಮಕ್ಕಳು ದೂರ ಹೋದದ್ದಕ್ಕೆ ಅವರ ಮರೆವು ಮಾತ್ರ ಕಾರಣ. ಊರಲ್ಲಿ ಅವರಿಗೆ ಏನು ಉಳಿದಿತ್ತು ಎಂದು ಕೇಳುವುದಿಲ್ಲ. ರಾಯದುರ್ಗದಲ್ಲಿ ಕೂತು ನೋಡುವವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ.

‘ಜರ್ಸಿ’ (2019) ಬೇರೆ ದಾರಿ ಹಿಡಿಯಿತು. ಗೌತಮ್ ತಿನ್ನನೂರಿಯವರ ಈ ಚಿತ್ರದಲ್ಲಿ ನಾನಿ ಕೆಲಸ ಕಳೆದುಕೊಂಡ ಮಾಜಿ ಕ್ರಿಕೆಟಿಗ. ಹುಟ್ಟುಹಬ್ಬಕ್ಕೆ ಮಗ ಕೇಳುವ ಜರ್ಸಿಯ ಬೆಲೆ ಐನೂರು ರೂಪಾಯಿ, ಅಷ್ಟೂ ಅವನಲ್ಲಿಲ್ಲ. ಮೂವತ್ತಾರನೇ ವಯಸ್ಸಿನಲ್ಲಿ ಮತ್ತೆ ಬ್ಯಾಟು ಹಿಡಿಯುತ್ತಾನೆ. ಕ್ರಿಕೆಟ್ ಭಾಗಕ್ಕಿಂತ ಆ ಐನೂರು ರೂಪಾಯಿಗಾಗಿ ಅವನು ಪಡುವ ಪಾಡೇ ಚಿತ್ರದ ಜೀವ. ಬಡತನದ ಮನೆಯಲ್ಲಿ ಮಗು ಒಬ್ಬನೇ ತನ್ನನ್ನು ಇನ್ನೂ ಸೋತವನೆಂದು ಎಣಿಸಿಲ್ಲ ಎಂಬ ಅಪ್ಪನ ಭಯ ಅದರಲ್ಲಿದೆ. 2023ರ ‘ಹಾಯ್ ನಾನ್ನ’ ಕನ್ನಡಕ್ಕೂ ಡಬ್ ಆಗಿ ಬಂತು. ಮುಂಬೈನ ಫೋಟೋಗ್ರಾಫರ್ ಅಪ್ಪ, ಕಾಯಿಲೆಯ ಮಗಳು, ನೆನಪು ಕಳೆದುಕೊಂಡ ತಾಯಿ. ಹೊಳಪು ಹೆಚ್ಚಾಗಿ ನೋವು ಜಾರಿಹೋಗುವ ಚಿತ್ರ.

ನನ್ನ ಮಟ್ಟಿಗೆ ಈ ಇಡೀ ಸಾಲಿನಲ್ಲಿ ಈ ಸೀಮೆಗೆ ತೀರ ಹತ್ತಿರ ಬಂದದ್ದು 2024ರ ‘35 ಚಿನ್ನ ಕಥ ಕಾದು’. ನಂದಕಿಶೋರ್ ಈಮಾನಿ ನಿರ್ದೇಶನ, ಕಥೆ ನಡೆಯುವುದು ತಿರುಪತಿಯಲ್ಲಿ. ಅರುಣ್ ಎಂಬ ಹುಡುಗನಿಗೆ ಲೆಕ್ಕ ಹತ್ತುವುದಿಲ್ಲ. ದಡ್ಡ ಅಂತಲ್ಲ, ಸೊನ್ನೆಗೆ ತನ್ನದೇ ಬೆಲೆ ಇಲ್ಲದಿದ್ದರೆ ಒಂದರ ಪಕ್ಕ ನಿಂತ ಕೂಡಲೇ ಹತ್ತು ಹೇಗಾಗುತ್ತದೆ ಎಂಬಂಥ ಪ್ರಶ್ನೆಗಳಿಗೆ ಉತ್ತರ ಸಿಗದೆ ಮುಂದಕ್ಕೆ ಹೋಗಲು ಅವನ ಮನಸ್ಸು ಒಪ್ಪುವುದಿಲ್ಲ. ಹೊಸ ಮೇಷ್ಟ್ರು, ಪ್ರಿಯದರ್ಶಿ ಮಾಡಿದ ಪಾತ್ರ, ಅವನನ್ನು ಸೊನ್ನೆ ಎಂದೇ ಕರೆಯುತ್ತಾರೆ. ಅವನು ಪಾಸಾಗಲು ಬೇಕಾದದ್ದು 35. ತಾಯಿ ಸರಸ್ವತಿ, ನಿವೇದಾ ಥಾಮಸ್, ಸ್ವತಃ ಹತ್ತನೇ ತರಗತಿ ದಾಟದವಳು. ಮಗನಿಗೆ ಕಲಿಸಲು ಆಕೆ ಮೊದಲು ತಾನು ಲೆಕ್ಕ ಕಲಿಯಲು ಕೂರುತ್ತಾಳೆ.

ಈ ಒಂದು ತಿರುವಿನಲ್ಲಿ ‘ಬೊಮ್ಮರಿಲ್ಲು’ ಎತ್ತಿದ ಪ್ರಶ್ನೆಗೆ ಉತ್ತರವಿದೆ. ಪೋಷಕರು ತಪ್ಪೊಪ್ಪಿಕೊಂಡರೆ ಸಾಲದು, ಪುಸ್ತಕ ತೆರೆಯಬೇಕು. ಚಿತ್ರ ದೊಡ್ಡ ಭಾಷಣ ಮಾಡುವುದಿಲ್ಲ; ಅಡುಗೆಮನೆ, ಗಂಡನ ಸಿಡುಕು, ನೆರೆಯವರ ಮಾತು, ಇವುಗಳ ಮಧ್ಯೆಯೇ ಆಕೆಯ ಓದು. ಕೊನೆಯ ಭಾಗದ ಸಂಗೀತ ಸ್ವಲ್ಪ ಜಾಸ್ತಿಯಾಯಿತು, ಅದನ್ನು ಕ್ಷಮಿಸಬಹುದು. ಆದರೆ ಮಡಕಶಿರಾದ ಯಾವುದಾದರೂ ಕನ್ನಡ ಮನೆಯಲ್ಲಿ ಈ ಸಿನಿಮಾ ನೋಡುವ ತಾಯಿಗೆ ಇನ್ನೊಂದು ಅಡ್ಡಿ ಹೊಳೆಯುತ್ತದೆ. ಸರಸ್ವತಿಗೆ ಲೆಕ್ಕ ಬಾರದು, ಪಠ್ಯದ ಭಾಷೆ ಬರುತ್ತದೆ. ಮಗನನ್ನು ತೆಲುಗು ಅಥವಾ ಇಂಗ್ಲಿಷ್ ಮೀಡಿಯಂಗೆ ಹಾಕಿದ, ತಾನು ನಾಲ್ಕನೆಯವರೆಗೆ ಕನ್ನಡದಲ್ಲಿ ಓದಿದ ತಾಯಿಗೆ ಲೆಕ್ಕದ ಪ್ರಶ್ನೆಯನ್ನೇ ಓದಲು ಬಾರದು. ಅಲ್ಲಿ ಮಗುವೇ ಓದಿ ಹೇಳಬೇಕು. ಬ್ಯಾಂಕಿನ ಚೀಟಿ, ಪಿಂಚಣಿ ಅರ್ಜಿ, ಔಷಧದ ಡಬ್ಬಿ, ಎಲ್ಲಕ್ಕೂ ಮನೆಯ ದುಭಾಷಿ ಹತ್ತು ವರ್ಷದ ಹುಡುಗಿ. ಅಪ್ಪನ ಪರವಾಗಿ ಮಂಡಲ ಆಫೀಸಿನಲ್ಲಿ ಮಾತಾಡಿ ಬಂದ ಹುಡುಗಿಗೆ ಅದೇ ಅಪ್ಪ ಸಂಜೆ ಹೇಗೆ ಗದರುತ್ತಾನೆ? ಗದರುತ್ತಾನೆ, ಆದರೆ ದನಿ ಬೇರೆ. ಈ ಬದಲಾದ ದನಿಯನ್ನು ಕನ್ನಡದ್ದಾಗಲಿ ತೆಲುಗಿನದ್ದಾಗಲಿ ಯಾವ ಸಿನಿಮಾವೂ ಇನ್ನೂ ಹಿಡಿದಿಲ್ಲ, ಮತ್ತು ನನ್ನ ತಕರಾರು ಇರುವುದು ಇಲ್ಲೇ.

ಕನ್ನಡದ ಹೊಸ ಕೌಟುಂಬಿಕ ಚಿತ್ರಗಳು ಹೆಚ್ಚಾಗಿ ಹುಡುಕಾಟದ ಚಿತ್ರಗಳು. ಹೇಮಂತ್ ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಿತ್ರದಲ್ಲಿ ಮರೆವಿನ ಕಾಯಿಲೆಯ ವೆಂಕೋಬರಾವ್ ಕಾಣೆಯಾಗುತ್ತಾರೆ, ಮುಂಬೈನಿಂದ ಬಂದ ಮಗ ಹುಡುಕುತ್ತಾನೆ. ಅನಂತನಾಗ್ ಅವರ ಆ ವೆಂಕೋಬರಾವ್ ಎಷ್ಟು ಮುಗ್ಧರೆಂದರೆ, ಅವರು ಕಳೆದುಹೋದದ್ದಕ್ಕಿಂತ ಮಗ ಕಳೆದುಹೋಗಿದ್ದು ಹೆಚ್ಚು ಅನ್ನಿಸುತ್ತದೆ. ‘ರತ್ನನ್ ಪ್ರಪಂಚ’ (2021) ಹೆತ್ತ ತಾಯಿಯನ್ನು ಹುಡುಕುವ ದತ್ತುಮಗನ ಕಥೆ, ಕಾಶ್ಮೀರದಿಂದ ಉತ್ತರ ಕರ್ನಾಟಕದವರೆಗೆ. ಉಮಾಶ್ರೀ ಮಾಡಿದ ಬಾಯಿಬಡುಕ ಸಾಕುತಾಯಿಯ ಮುಂದೆ ಉಳಿದದ್ದೆಲ್ಲ ಮಂಕು. ಸುಮಂತ್ ಭಟ್ ಅವರ ‘ಮಿಥ್ಯ’ (2025) ಇವೆಲ್ಲಕ್ಕಿಂತ ಗಂಭೀರ: ತಂದೆ-ತಾಯಿಯನ್ನು ಕಳೆದುಕೊಂಡ ಹನ್ನೊಂದು ವರ್ಷದ ಹುಡುಗ ಮುಂಬೈನಿಂದ ಉಡುಪಿಯ ಚಿಕ್ಕಮ್ಮನ ಮನೆಗೆ ಬರುತ್ತಾನೆ, ಹೊಸ ಊರು, ಹೊಸ ಶಾಲೆ, ಬಾಯಿಗೆ ಹೊಸ ಮಾತು. ಮಗುವಿನ ಸಿಟ್ಟನ್ನು ಕೂಡಲೇ ಕಣ್ಣೀರಾಗಿ ಕರಗಿಸದ ತಾಳ್ಮೆ ಈ ಚಿತ್ರಕ್ಕಿದೆ. ಗಡಿಯ ಮಗುವಿನ ಕಥೆ ಮಾಡುವವರು ಮೊದಲು ನೋಡಬೇಕಾದದ್ದು ಇದನ್ನು.

ಸಾವು, ಆಸ್ತಿ, ತಿಥಿ ಬಂದಾಗ ಕನ್ನಡ ಮತ್ತು ತೆಲುಗಿನ ದಾರಿ ಎಷ್ಟು ಬೇರೆ ಎಂಬುದಕ್ಕೆ ಎರಡು ಚಿತ್ರಗಳನ್ನು ಜೊತೆಗೆ ನೋಡಬೇಕು. ರಾಮ್ ರೆಡ್ಡಿಯವರ ‘ತಿಥಿ’ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು, ಮರುವರ್ಷ ನಮ್ಮ ಟಾಕೀಸುಗಳಿಗೆ ಬಂತು. ಮಂಡ್ಯ ಸೀಮೆಯ ನೊದೆಕೊಪ್ಪಲಿನ ಊರವರೇ ಪಾತ್ರಧಾರಿಗಳು. ನೂರೊಂದು ವರ್ಷದ ಸೆಂಚುರಿಗೌಡ ಸಾಯುತ್ತಾನೆ. ಮಗ ಗಡ್ಡಪ್ಪನಿಗೆ ಜಮೀನೂ ಬೇಡ, ಶೋಕವೂ ಇಲ್ಲ, ಕುಡಿದುಕೊಂಡು ಅಲೆಯುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು. ಅದಕ್ಕೆ ಬದುಕಿರುವ ಅಪ್ಪನನ್ನು ಕಾಗದದ ಮೇಲೆ ಸಾಯಿಸುತ್ತಾನೆ. ವೇಣು ಯೆಲ್ದಂಡಿಯವರ ‘ಬಲಗಂ’ (2023) ತೆಲಂಗಾಣದ ಊರಿನದು. ಅಜ್ಜ ಸತ್ತಿದ್ದಾನೆ, ಪಿಂಡ ಕಾಗೆ ಮುಟ್ಟುತ್ತಿಲ್ಲ. ಊಟದಲ್ಲಿ ನಲ್ಲಿಮೂಳೆ ಬಡಿಸಲಿಲ್ಲ ಎಂಬ ಜಗಳಕ್ಕೆ ಮಗಳು-ಅಳಿಯ ಇಪ್ಪತ್ತು ವರ್ಷ ಮನೆ ಮೆಟ್ಟಿಲು ಹತ್ತಿಲ್ಲ. ‘35’ರ ಮೇಷ್ಟ್ರಾದ ಪ್ರಿಯದರ್ಶಿಯೇ ಇಲ್ಲಿ ಸಾಲ ಮಾಡಿ ಕೂತ ಮೊಮ್ಮಗ. ಮನೆಯವರೆಲ್ಲ ಒಂದಾದ ಮೇಲೆ ಕಾಗೆ ಬರುತ್ತದೆ. ಹಳ್ಳಿಗಳಲ್ಲಿ ಬಯಲಲ್ಲಿ ಪರದೆ ಕಟ್ಟಿ ಈ ಸಿನಿಮಾ ತೋರಿಸಿದರು, ಜನ ನೆಲದ ಮೇಲೆ ಕೂತು ಅತ್ತರು.

‘ಬಲಗಂ’ ಸಮಾಧಾನ ಕೊಡುತ್ತದೆ, ‘ತಿಥಿ’ ಕೊಡುವುದಿಲ್ಲ. ಕಣ್ಣೀರಿನ ಮಟ್ಟಿಗೆ ತೆಲುಗು ಚಿತ್ರದ ಕೈ ಮೇಲು. ಆದರೆ ಅಪ್ಪ-ಮಗನ ನಡುವೆ ಜಮೀನು ಬಂದು ಕೂತಾಗ ಏನಾಗುತ್ತದೆ ಎಂಬುದನ್ನು ಕಣ್ಣು ಮಿಟುಕಿಸದೆ ತೋರಿಸಿದ್ದು ಕನ್ನಡ ಚಿತ್ರ. ವೇದಾವತಿ ಹರಿದೂ ಹರಿಯದ ಕಣೇಕಲ್ಲು, ಬೊಮ್ಮನಹಾಳ್ ಕಡೆಯ ಹೊಲಗಳಲ್ಲಿ, ಭೈರವಾನಿತಿಪ್ಪ ಜಲಾಶಯ ತುಂಬುವುದನ್ನೇ ಕಾಯುವ ಗುಮ್ಮಗಟ್ಟದಲ್ಲಿ, ಪಟ್ಟಾದಾರ್ ಪಾಸ್‌ಬುಕ್ಕಿನ ಹೆಸರು ಬದಲಾವಣೆಗೆ ಕಾಯುವ ತಮ್ಮಣ್ಣಂದಿರಿಗೆ ಕೊರತೆಯಿಲ್ಲ. ದರ್ಗಾಹೊನ್ನೂರಿನ ಹತ್ತಿರ ಹೊಲವನ್ನೇ ಮರಳು ನುಂಗುತ್ತಿರುವಾಗ ಹಂಚಿಕೊಳ್ಳುವ ಜಗಳಕ್ಕೂ ಒಂದು ವಿಚಿತ್ರ ರೂಪ ಬರುತ್ತದೆ.

ಮಳೆ ಕೈಕೊಟ್ಟಾಗ ಗುಳೆ. ವರ್ಷಕ್ಕೆ ಐನೂರೈವತ್ತು ಮಿಲಿಮೀಟರಿನ ಆಸುಪಾಸಿನ ಮಳೆ ನಂಬಿ ಶೇಂಗಾ ಬಿತ್ತುವ ಜಿಲ್ಲೆಯಲ್ಲಿ ಕುಟುಂಬ ಎಂದರೆ ವರ್ಷವಿಡೀ ಒಂದೇ ಸೂರಿನಡಿ ಇರುವವರು ಎಂಬ ಲೆಕ್ಕ ಹಿಡಿಯುವುದಿಲ್ಲ. ಅಪ್ಪ-ಅಮ್ಮ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಮಕ್ಕಳು ಅಜ್ಜಿಯ ಹತ್ತಿರ. ಇಲ್ಲವೇ ರಾಯದುರ್ಗದ ಜೀನ್ಸ್ ಹೊಲಿಗೆಯಲ್ಲಿ, ತುಂಡಿಗಿಷ್ಟು ಕೂಲಿ ಎಂಬ ಲೆಕ್ಕದಲ್ಲಿ. ಜನಪ್ರಿಯ ಕೌಟುಂಬಿಕ ಚಿತ್ರದಲ್ಲಿ ಅಪ್ಪನಿಗೆ ಮಗನ ಜೊತೆ ಮಾತಾಡಲು ಪುರುಸೊತ್ತಿಲ್ಲದಿದ್ದರೆ ಅದು ಆಫೀಸಿನ ದೋಷ ಅಥವಾ ಅಹಂಕಾರ. ಇಲ್ಲಿ ಅದು ನಾಲ್ಕು ತಿಂಗಳ ಬಸ್ ಚಾರ್ಜಿನ ಪ್ರಶ್ನೆ. ಈ ಬದುಕಿಗೆ ಮುಖ ಕೊಟ್ಟ ಕನ್ನಡ ಚಿತ್ರ ಒಂದಿದೆ, ಉತ್ಸವ್ ಗೋನವಾರ ಅವರ ‘ಫೋಟೋ’. 2024ರ ಮಾರ್ಚ್‌ನಲ್ಲಿ ಅದನ್ನು ಚಿತ್ರಮಂದಿರಕ್ಕೆ ತಂದವರೂ ಪ್ರಕಾಶ್ ರಾಜ್. ರಾಯಚೂರು ಸೀಮೆಯ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ಬೆಂಗಳೂರಿನಲ್ಲಿ ಕೂಲಿ. ಹುಡುಗ ಹೋಗುವ ಹೊತ್ತಿಗೆ ಲಾಕ್‌ಡೌನ್ ಬೀಳುತ್ತದೆ, ಅಪ್ಪ-ಮಗ ನಡೆದುಕೊಂಡು ಊರಿಗೆ ಹೊರಡುತ್ತಾರೆ. ಮಗುವನ್ನು ಹೆಗಲ ಮೇಲೆ ಹೊತ್ತ ಅಪ್ಪನಿಗೆ ಇಲ್ಲಿ ಯಾರ ಮೆಚ್ಚುಗೆಯೂ ಬೇಕಿಲ್ಲ, ನೀರು ಬೇಕು. ಅಪ್ಪಂದಿರ ಬಗ್ಗೆ ಬಂದ ಚಿತ್ರಗಳಲ್ಲಿ ಅತ್ಯಂತ ಕಡಿಮೆ ಮಾತಾಡಿದ್ದು, ಅತ್ಯಂತ ಕಡಿಮೆ ಜನ ನೋಡಿದ್ದು ಎರಡೂ ಬಹುಶಃ ಇದೇ.

ಶಾಲೆಯ ಮಾತಿಗೆ ಬಂದರೆ ಗಡಿನಾಡ ಸಿನಿಮಾ ಎಂದಾಗ ಎಲ್ಲರ ಬಾಯಲ್ಲೂ ಬರುವುದು ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ (2018). ಮಕ್ಕಳ ಚಿತ್ರಕ್ಕಿರುವ ರಾಷ್ಟ್ರಪ್ರಶಸ್ತಿ ಪಡೆದ ಆ ಚಿತ್ರ ಕಾಸರಗೋಡಿನ ಕನ್ನಡ ಶಾಲೆಯನ್ನು ಮನೆಮಾತು ಮಾಡಿತು. ಮಕ್ಕಳ ತುಂಟತನ, ಅನಂತನಾಗ್ ಅವರ ಕೋರ್ಟಿನ ಮಾತು, ಎರಡಕ್ಕೂ ಚಪ್ಪಾಳೆ ಬಿತ್ತು. ಆದರೆ ಅಲ್ಲಿ ಎದುರಾಳಿ ಹೊರಗಿನವನು, ಶಾಲೆ ಮುಚ್ಚಲು ಹೊರಟ ಅಧಿಕಾರಿ. ಅಪ್ಪ-ಅಮ್ಮಂದಿರಿಗೆ ಅಂಥ ಕೆಲಸವಿಲ್ಲ. ರಾಯದುರ್ಗ, ಮಡಕಶಿರಾದಲ್ಲಿ ಕನ್ನಡ ಮೀಡಿಯಂ ಶಾಲೆಯ ಎದುರು ಅಧಿಕಾರಿಯೊಬ್ಬನೇ ನಿಂತಿಲ್ಲ. ಮಗುವನ್ನು ಪ್ರೀತಿಸುವ ಅಪ್ಪನೂ ನಿಂತಿದ್ದಾನೆ. ಆಂಧ್ರ ಸರ್ಕಾರ 2019ರ ನವೆಂಬರಿನಲ್ಲಿ ಸರ್ಕಾರಿ ಶಾಲೆಗಳನ್ನೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸಲು ಹೊರಟಾಗ, 2020ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಮಾಧ್ಯಮ ಆರಿಸುವ ಹಕ್ಕು ಪೋಷಕರದು ಎಂಬ ವಾದ ಗೆದ್ದಿತು. ಹಕ್ಕು ಸಿಕ್ಕಿತು, ಆಯ್ಕೆ ಸುಲಭವಾಗಲಿಲ್ಲ. ಕನ್ನಡಕ್ಕೆ ಹಾಕಿದರೆ ಆಂಧ್ರದ ನೌಕರಿ ದೂರ, ತೆಲುಗಿಗೆ ಹಾಕಿದರೆ ಅಜ್ಜಿಯ ಕಾಗದ ಓದಲು ಬಾರದು, ಇಂಗ್ಲಿಷಿಗೆ ಹಾಕಿದರೆ ಫೀಸು. ಇತ್ತ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗ ಎಂಬ ಅರ್ಹತೆ ಇದೆ. ಗಡಿ ತಾಲ್ಲೂಕುಗಳ ಕನ್ನಡ ಮನೆಮಾತಿನ ಮಕ್ಕಳು ಅದರಡಿ ಸೀಟಿಗೆ ಅರ್ಜಿ ಹಾಕಬಹುದು. ಒಂದು ಮನೆಯಲ್ಲಿ ಹಿರಿಯನಿಗೆ ಒಂದು ಮೀಡಿಯಂ, ಕಿರಿಯಳಿಗೆ ಇನ್ನೊಂದು ಎಂದು ಹಂಚಿಹಾಕಿ ಅದೃಷ್ಟ ನೋಡುವ ತಂದೆ-ತಾಯಿಯರಿದ್ದಾರೆ. ಹತ್ತು ವರ್ಷ ಕಳೆದ ಮೇಲೆ ಅಣ್ಣ-ತಂಗಿ ಒಂದೇ ಪತ್ರಿಕೆ ಓದುವುದಿಲ್ಲ. ಯಾರ ತಪ್ಪು ಎಂದು ಕೇಳಿದರೆ ‘ಬೊಮ್ಮರಿಲ್ಲು’ವಿನ ಮಗನ ಹಾಗೆ ಲೆಕ್ಕ ಒಪ್ಪಿಸಲು ಇಲ್ಲಿ ಆಗುವುದಿಲ್ಲ, ಅಪ್ಪ ಆರಿಸಿದ ಒಂದೊಂದಕ್ಕೂ ಕಾರಣ ಇತ್ತು, ಕಾರಣ ಸರಿಯೂ ಇತ್ತು.

ತೆಲುಗು ಸಿನಿಮಾಕ್ಕೆ ಅನಂತಪುರ ಕಾಣದ್ದೇನಲ್ಲ. ಕಂಡದ್ದು ಮಾತ್ರ ಬೇರೆ. ‘ಸಮರಸಿಂಹಾರೆಡ್ಡಿ’ (1999) ಕಾಲದಿಂದ ರಾಯಲಸೀಮೆ ಎಂದರೆ ಸುಮೋ, ಮಚ್ಚು, ಅಪ್ಪನ ರಕ್ತದ ಸಾಲ ತೀರಿಸುವ ಮಗ. 2010ರ ‘ರಕ್ತ ಚರಿತ್ರ’ ನೇರವಾಗಿ ಅನಂತಪುರದ ರಾಜಕೀಯಕ್ಕೇ ಕೈ ಹಾಕಿತು. 2018ರ ‘ಅರವಿಂದ ಸಮೇತ’ ಈ ಸೇಡನ್ನು ಹೆಂಗಸರ ಕಡೆಯಿಂದ ಪ್ರಶ್ನಿಸಿತು, ಮೆಚ್ಚಬೇಕಾದ್ದೇ, ಪ್ರಶ್ನಿಸುವ ಮೊದಲು ಸಾಕಷ್ಟು ತಲೆಗಳನ್ನು ಉರುಳಿಸಿಯೂ ಆಗಿತ್ತು. ಕನ್ನಡದಿಂದ ಅತ್ತ ಹೋದ ದೊಡ್ಡ ಚಿತ್ರಗಳು, ತಾಯಿಗೆ ಕೊಟ್ಟ ಮಾತಿನ ‘ಕೆಜಿಎಫ್’, ಕಾಣೆಯಾದ ತಂದೆಯ ‘ಕಾಂತಾರ’, ಆಂಧ್ರದ ಪರದೆಗಳಿಗೆ ತೆಲುಗಾಗಿಯೇ ತಲುಪಿದವು. ಕನ್ನಡದ ಮಗನ ಮಾತನ್ನು ಕನ್ನಡದ ಮನೆಯವರು ತೆಲುಗಿನಲ್ಲಿ ಕೇಳಿ ಶಿಳ್ಳೆ ಹೊಡೆಯುವುದು ನಮ್ಮ ಡಬ್ಬಿಂಗ್ ಚರ್ಚೆಗಳಲ್ಲಿ ಯಾರೂ ಎಣಿಸದ ಸಂಗತಿ.

ಗಡಿಯ ಮನೆಯ ಕಥೆಯನ್ನು ಅದರದೇ ಮಾತಿನಲ್ಲಿ ಪರದೆಗೆ ತರುವುದು ಸಾಧ್ಯವೇ ಇಲ್ಲದ ಕೆಲಸ ಎನ್ನುವ ಹಾಗಿಲ್ಲ. ಪ್ರವೀಣ್ ಕಾಂಡ್ರೇಗುಲ ಅವರ 2021ರ ‘ಸಿನಿಮಾ ಬಂಡಿ’ ಕರ್ನಾಟಕದ ಗಡಿಗೆ ಅಂಟಿದ ಹಳ್ಳಿಯೊಂದರ ಆಟೋ ಡ್ರೈವರನಿಗೆ ಕ್ಯಾಮೆರಾ ಸಿಕ್ಕ ಕಥೆ. ಆ ಸೀಮೆಯ ಕನ್ನಡ ಬೆರೆತ ತೆಲುಗನ್ನು ತಿದ್ದದೆ ಹಾಗೇ ಬಿಟ್ಟರು, ನೆಟ್‌ಫ್ಲಿಕ್ಸ್‌ನಲ್ಲಿ ಜಗತ್ತೆಲ್ಲ ನೋಡಿತು. ಅದಕ್ಕೂ ಬಹಳ ಹಿಂದೆ, 1994ರಲ್ಲಿ, ನಾಗತಿಹಳ್ಳಿ ಚಂದ್ರಶೇಖರ್ ‘ಕೊಟ್ರೇಶಿ ಕನಸು’ ಮಾಡಿದಾಗ ಕಥೆ ಕೊಟ್ಟವರು ಕುಂ. ವೀರಭದ್ರಪ್ಪ, ಆಂಧ್ರದ ಗಡಿ ಹಳ್ಳಿಗಳಲ್ಲಿ ಮೇಷ್ಟ್ರಾಗಿ ವರ್ಷಗಟ್ಟಲೆ ದುಡಿದವರು. ಪಾಸಾದ ದಲಿತ ಹುಡುಗ, ಅವನನ್ನು ಮುಂದೆ ಓದಿಸಲು ಕೈಲಾಗದ ಅಪ್ಪ, ತಡೆಯುವ ಊರು. ಅದರಲ್ಲಿ ವಿಜಯ್ ರಾಘವೇಂದ್ರ ಅವರಿಗೆ ಬಾಲನಟ ಪ್ರಶಸ್ತಿ ಬಂದದ್ದನ್ನು ನಾವು ನೆನೆಯುತ್ತೇವೆ, ಅಪ್ಪನ ಪಾತ್ರವನ್ನು ಮರೆತಿದ್ದೇವೆ.

ಕಥೆಗಾರರಿದ್ದಾರೆ, ಮೂವತ್ತು ವರ್ಷದ ಹಿಂದಿನ ಮಾದರಿಯೂ ಇದೆ. ತೊಡಕು ದುಡ್ಡಿನದು. ಕರ್ನಾಟಕ ಸರ್ಕಾರ ಕನ್ನಡದ ಜೊತೆಗೆ ತುಳು, ಕೊಡವ, ಕೊಂಕಣಿ ಚಿತ್ರಗಳಿಗೂ ಸಹಾಯಧನ ಕೊಡುತ್ತದೆ. ಅರ್ಧ ಮಾತು ಕನ್ನಡ, ಅರ್ಧ ತೆಲುಗು ಇರುವ, ಪೂರ್ತಿ ಆಂಧ್ರದ ನೆಲದಲ್ಲಿ ಚಿತ್ರಿಸಿದ ಸಿನಿಮಾವನ್ನು ಅದು ಯಾವ ಸಾಲಿಗೆ ಸೇರಿಸುತ್ತದೆ ಎಂಬುದು ಇನ್ನು ಯಾರಾದರೂ ಅರ್ಜಿ ಹಾಕಿ ಕೇಳಬೇಕಾದ ಪ್ರಶ್ನೆ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರ ರಾಜ್ಯದ ಕನ್ನಡ ಶಾಲೆ, ಸಮುದಾಯ ಭವನಗಳಿಗೆ ನೆರವು ನೀಡುವ ಸಂಸ್ಥೆ. ವರ್ಷಕ್ಕೊಂದು ಕಿರುಚಿತ್ರಕ್ಕೆ, ಆ ತಾಲ್ಲೂಕಿನ ಹುಡುಗ ಹುಡುಗಿಯರೇ ಬರೆದು ನಟಿಸುವುದಕ್ಕೆ, ಒಂದು ಭವನದ ಖರ್ಚಿನ ಚೂರು ಸಾಕು. ಹಾಗೆ ಮಾಡಿದ ಚಿತ್ರದಲ್ಲಿ ಅಪ್ಪನ ಪಾತ್ರಕ್ಕೆ ಪ್ರಕಾಶ್ ರಾಜ್ ಬೇಕಾಗುವುದಿಲ್ಲ.